ಹನ್ನೆರಡನೆಯ ಪಂಜರದ ಉಪವಾಸ

ಮೀನಿನ ಉಸಿರು ಎಣಿಸುವುದೂ ಒಂದು ಕೆಲಸ ಎಂಬುದನ್ನು ಸುಲೋಚನಾ ಅಂಬಿಗೇರಳ ಅತ್ತೆ ಹನಮವ್ವ ಇನ್ನೂ ಒಪ್ಪಿರಲಿಲ್ಲ. "ಮುಂಜಾನಿಂದ ಸಂಜೀತನಾ ಕುರ್ಚಿ ಮ್ಯಾಲ ಕುಂತು ಮೀನ ಉಸರಾಡೂದು ನೋಡ್ತಾಳಂತ ನಮ್ಮ ಸೊಸಿ. ಈಕಿ ನೋಡಿದ್ರ ಅವು ಹೆಚ್ಚಿಗಿ ಉಸರಾಡ್ತಾವೇನ?" ಎಂದು ಓಣಿಯ ತುಂಬ ಹೇಳಿಕೊಂಡು ಬೊಚ್ಚು ಬಾಯಿ ಬಿಟ್ಟು ನಗುತ್ತಿದ್ದಳು. ಮೊದಮೊದಲು ಸುಲೋಚನಾಗೆ ಸಿಟ್ಟು ಬರುತ್ತಿತ್ತು. ಹನ್ನೊಂದು ವರ್ಷವಾದ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕೂ ಬೇಸರ ಬಂದಿತ್ತು. ನಗಲಿ ಬಿಡು, ಮುದುಕಿಗೆ ಬೇರೆ ಏನಿದೆ ನಗುವುದಕ್ಕೆ, ಎಂದುಕೊಂಡು ಟಿಫಿನ್ ಡಬ್ಬಿ ಹಿಡಿದು ಕೆಲಸಕ್ಕೆ ಹೊರಡುತ್ತಿದ್ದಳು.

ಆದರೆ ಉಸಿರು ಎಣಿಸದಿದ್ದರೆ ನಾಲ್ಕು ಜಿಲ್ಲೆಯ ಮಕ್ಕಳ ತಾಟು ಖಾಲಿಯಾಗುತ್ತಿತ್ತು, ಇದು ಸುಳ್ಳಲ್ಲ. ಕೋಳಿಗಳಿಗೆ ರೋಗ ಬಂದು ತತ್ತಿ ಎಂಬುದು ಮಾತಿಗಷ್ಟೇ ಉಳಿದಿತ್ತು. ತೊಗರಿ ಬೇಳೆ ಮದುವೆ ಮನೆಯ ಪದಾರ್ಥವಾಗಿತ್ತು. ಉಳಿದದ್ದು ಕೃಷ್ಣೆಯ ಹಿನ್ನೀರು, ಅದರೊಳಗೆ ನಲವತ್ತು ಪಂಜರ, ಪಂಜರಕ್ಕೆ ಎಂಟು ಸಾವಿರದಂತೆ ಜಿಲೇಬಿ ಮೀನು. ಆ ಮೀನನ್ನು ಒಣಗಿಸಿ ಬೀಸಿ ಜೋಳದ ಹಿಟ್ಟಿಗೆ ಬೆರೆಸಿ ಶಾಲೆಗಳಿಗೆ ಕಳಿಸುತ್ತಿದ್ದರು. ಜನ ಅದಕ್ಕೆ ಹೊಳಿಹಿಟ್ಟು ಎಂದು ಹೆಸರಿಟ್ಟಿದ್ದರು. ಮೀನು ಮುಟ್ಟದ ಮನೆಯವರೂ ಹೊಳಿಹಿಟ್ಟಿನ ರೊಟ್ಟಿಯನ್ನು ಮಕ್ಕಳು ತಿನ್ನುವಾಗ ಆ ಕಡೆ ಮುಖ ತಿರುಗಿಸಿ, ಇನ್ನೊಂದು ಹಾಕಿಸಿಕೊಳ್ಳೋ ಎನ್ನುತ್ತಿದ್ದರು.

ಹಿನ್ನೀರು ವರ್ಷದಿಂದ ವರ್ಷಕ್ಕೆ ಬಿಸಿಯಾಗಿ, ಪಾಚಿಗಟ್ಟಿ, ಹಸಿರು ಅಂಬಲಿಯಂತಾಗಿತ್ತು. ಅದರಲ್ಲಿ ಮೀನು ತಾನಾಗಿ ಬದುಕುವಂತಿರಲಿಲ್ಲ. ದಂಡೆಯ ಮೇಲಿನ ಮೂರು ಯಂತ್ರಗಳು ಆಕ್ಸಿಜನ್ ತಯಾರಿಸಿ ಕೊಳವೆಗಳ ಮೂಲಕ ನಲವತ್ತೂ ಪಂಜರಗಳಿಗೆ ಕಳಿಸುತ್ತಿದ್ದವು. ಯಾವ ಪಂಜರಕ್ಕೆ ಎಷ್ಟು ಎಂದು ಗೊತ್ತುಮಾಡುವುದು ಕಂಟ್ರೋಲ್ ರೂಮಿನ ದೊಡ್ಡ ಕಂಪ್ಯೂಟರು. ಪ್ರತಿ ಪಂಜರದ ನಡುವೆ ಅಂಗೈಯಗಲದ ಒಂದು ಸಾಧನ ನೀರಿನೊಳಗೆ ಸದ್ದು ಬಿಟ್ಟು, ಮೀನಿನ ಕಿವಿರು ತೆರೆದು ಮುಚ್ಚುವ ಸಪ್ಪಳ ಕೇಳಿಸಿಕೊಂಡು, ನಿಮಿಷಕ್ಕೆ ಎಷ್ಟು ಉಸಿರು ಎಂದು ವರದಿ ಒಪ್ಪಿಸುತ್ತಿತ್ತು. ಹನ್ನೊಂದು ವರ್ಷದ ವರದಿ ನೋಡಿ ನೋಡಿ ಕಂಪ್ಯೂಟರು ಕಲಿತಿತ್ತು: ಗಟ್ಟಿಮುಟ್ಟಾದ ಮೀನು ಹೇಗೆ ಉಸಿರಾಡುತ್ತದೆ, ರೋಗದ ಮೀನು ಹೇಗೆ, ಉಪವಾಸದ ಮೀನು ಹೇಗೆ. ಗಾಳಿಯನ್ನು ಪಾಲು ಹಾಕುತ್ತದೆಂದು ಪಂಜರ ಕಾಯುವವರು ಅದನ್ನು ಪಾಲಪ್ಪ ಎಂದು ಕರೆಯುತ್ತಿದ್ದರು.

ಉಪವಾಸವೆಂದರೆ, ಹಿಡಿಯುವ ಮುಂಚೆ ಮೂರು ದಿನ ಮೀನಿಗೆ ಆಹಾರ ಹಾಕುವಂತಿಲ್ಲ. ಹೊಟ್ಟೆ ಖಾಲಿಯಾದರೆ ಮಾಂಸ ಕೆಡುವುದಿಲ್ಲ, ಹಿಟ್ಟು ನಾರುವುದಿಲ್ಲ. ಖಾಲಿ ಹೊಟ್ಟೆಯ ಮೀನಿಗೆ ಗಾಳಿಯೂ ಕಡಿಮೆ ಸಾಕು. ಕಾಗದದ ಮೇಲೆ ಎಲ್ಲ ಚೆಂದವೇ. ಆದರೆ ಪಂಜರ ಕಾಯುವ ನಲವತ್ತು ಮಂದಿಯೂ ಹಿಂದೆ ದೋಣಿ ನಡೆಸಿದ ಅಂಬಿಗರ ಮನೆಗಳವರು. ಮನೆಯಲ್ಲಿ ಬೆಳೆಸಿದ ಜೀವವನ್ನು ಹಸಿದ ಹೊಟ್ಟೆಯಲ್ಲಿ ಸಾಯಲು ಕಳಿಸಬಾರದು ಎಂಬುದು ಅವರಲ್ಲಿ ಅಜ್ಜ ಮುತ್ತಜ್ಜರಿಂದ ಬಂದ ಪದ್ಧತಿ. ಕುರಿಗೂ ಕಡೆಗೊಂದು ಹಿಡಿ ಹುಲ್ಲು ತಿನ್ನಿಸಿಯೇ ಒಯ್ಯುತ್ತಿದ್ದರು. ಅದಕ್ಕೆ ಕಡೀ ತುತ್ತು ಎನ್ನುತ್ತಿದ್ದರು. ಮೀನಿಗೂ ಅದನ್ನು ತಪ್ಪಿಸಿರಲಿಲ್ಲ, ಉಪವಾಸದ ಮೂರೂ ದಿನ ಕದ್ದು ಮುಚ್ಚಿ ಒಂದೊಂದು ಬುಟ್ಟಿ ತೌಡಿನ ಉಂಡೆ ಹಾಕುತ್ತಲೇ ಬಂದಿದ್ದರು. ಸುಲೋಚನಾಗೆ ಇದು ಗೊತ್ತಿತ್ತು. ಅವಳ ಗಂಡ ಪರಸಪ್ಪನೇ ಹನ್ನೆರಡನೆಯ ಪಂಜರದ ಕಾವಲಿನವನು.

ಈ ಸಲ ಹೊಸ ಆದೇಶ ಬಂದಿತ್ತು. ಹಿಟ್ಟು ನಾರುತ್ತಿದೆ ಎಂದು ಯಾರೋ ದೂರು ಕೊಟ್ಟಿದ್ದರು. ಪಂಜರಗಳ ಮೇಲೆಲ್ಲ ಕ್ಯಾಮರಾ ಕೂತವು. ಉಪವಾಸದ ಮೀನಿಗೆ ಆಹಾರ ಹಾಕಿದವರ ಕೆಲಸ ಹೋಗುತ್ತದೆ, ಮನೆಯ ರೇಷನ್ ಕಾರ್ಡೂ ರದ್ದು ಎಂದು ದೊಡ್ಡ ಅಕ್ಷರದಲ್ಲಿ ಬರೆದು ಗೇಟಿಗೆ ಅಂಟಿಸಿದ್ದರು.

ಉಪವಾಸ ಶುರುವಾಗುವ ದಿನ ಬೆಳಿಗ್ಗೆ ಸುಲೋಚನಾ ರೊಟ್ಟಿ ಬಡಿಯುತ್ತಲೇ ಮಾತು ತೆಗೆದಳು.

"ಈ ಸರ್ತಿ ಕಡೀ ತುತ್ತು ಗಿಡೀ ತುತ್ತು ಅಂತ ಏನೂ ಹಚ್ಚಬ್ಯಾಡ್ರಿ. ಸುಮ್ನ ಇರ್ರಿ."

ಪರಸಪ್ಪ ಚಹಾದ ಬಟ್ಟಲು ಕೆಳಗಿಟ್ಟ. "ಹದಿನಾಲ್ಕು ತಿಂಗಳ ಸಾಕೀನಿ. ನಾ ಹೋದ್ರ ಸಾಕು, ಕಟ್ಟಿ ಕಡೆ ಓಡಿ ಬರ್ತಾವ. ಅವಕ್ಕ ಏನಂತ ಹೇಳ್ಲಿ? ಆದೇಶ ಆಗೇತಿ, ಹಸದ ಸಾಯ್ರಿ ಅಂತ ಹೇಳ್ಲೇನ?"

"ಮೀನಿಗೇನು ಹೇಳೂದ್ರೀ! ಕಾರ್ಡ್ ಹೋದ್ರ ನಿಮ್ಮವ್ವಗ ಏನ್ ಹಾಕ್ಲಿ? ಅದನ್ನ ಹೇಳ್ರಿ ಮೊದಲ."

ಮೂಲೆಯಲ್ಲಿ ಕುಳಿತ ಹನಮವ್ವ, "ನನಗೇನೂ ಬ್ಯಾಡವ್ವಾ, ನಾ ಇವತ್ತೋ ನಾಳೆಯೋ," ಎಂದು ಶುರು ಮಾಡಿದಳು. "ಉಳದವ್ರು ಏನ್ ಸುಮ್ನ ಕುಂತಾರನ? ಎಲ್ಲಾರೂ ಚೀಲಕ್ಕ ತೂತ ಹೊಡದು, ತೌಡ ತುಂಬಿ, ನೀರಾಗ ಕೆಳಗ ಪಂಜರದ ಬಲಿಗೆ ಕಟ್ಟಿ ಬಂದಾರ. ಕ್ಯಾಮರಾ ಮ್ಯಾಲ ನೋಡ್ತೈತಿ, ನೀರಾಗ ನೋಡ್ತೈತೇನ?"

"ಅತ್ತೀ, ನೀವು ಸ್ವಲ್ಪ ಬಾಯಿ ಮುಚ್ಚಿಕೊಂಡು ಕುಂದರ್ರಿ ನೋಡೋಣು!" ಎಂದು ಸುಲೋಚನಾ ಗದರಿದಳು. ಆಮೇಲೆ ಹಿಟ್ಟಿನ ಕೈಯಲ್ಲೇ ಗಂಡನ ಕೈ ಹಿಡಿದು ತನ್ನ ತಲೆಯ ಮೇಲೆ ಇಟ್ಟುಕೊಂಡಳು. "ನಾ ಕುಂದ್ರೂದು ಅದೇ ರೂಮಿನ್ಯಾಗ. ನಿಮ್ಮ ಹೆಸರ ಬಂದ್ರ ನಾನೇ ಸಹಿ ಮಾಡಬೇಕಾಗತೈತಿ. ನನ್ನಾಣಿ ಐತಿ, ಹಾಕಬ್ಯಾಡ್ರಿ."

ಪರಸಪ್ಪ ಕೈ ಹಿಂದಕ್ಕೆಳೆದುಕೊಂಡು ಹತ್ತಿದ ಹಿಟ್ಟು ಒರೆಸಿಕೊಂಡ. ಕೊನೆಗೆ, "ಆತು ಬಿಡು," ಎಂದ.

ಆತು ಬಿಡು ಎಂದವನು ಮಾತು ಉಳಿಸಿಕೊಂಡ. ಆದರೆ ಸಂಜೆ ಮನೆಗೆ ಬಂದು ಉಣ್ಣಲಿಲ್ಲ. ಹಸಿವಿಲ್ಲ ಎಂದ. ಮರುದಿನವೂ ಹಾಗೆಯೇ, ಹೊಟ್ಟೆ ಯಾಕೋ ಸರಿಯಿಲ್ಲ ಎಂದ. ಕಟ್ಟಿ ಕೊಟ್ಟ ರೊಟ್ಟಿ ಏನು ಮಾಡಿದಿರಿ ಎಂದರೆ, ಪಂಜರದ ಪಕ್ಕದ ಕಾವಲು ಗುಡಿಸಲಿನಲ್ಲಿದೆ ಎಂದ. ಇಪ್ಪತ್ತು ವರ್ಷ ಸಂಸಾರ ಮಾಡಿದವಳಿಗೆ ಇದು ತಿಳಿಯದೆ ಇರುತ್ತದೆಯೇ? ಮೀನು ಉಣ್ಣುವ ತನಕ ತಾನೂ ಉಣ್ಣುವುದಿಲ್ಲ ಎಂದು ಹಟ ಹಿಡಿದು ಕೂತಿದ್ದಾನೆ. ಬೈಯಬೇಕೆನಿಸಿತು. ಬೈಯುವ ತ್ರಾಣವೂ ಇರಲಿಲ್ಲ, ಕಣ್ಣು ತುಂಬಿ ಬಂದು ಒಳಗೆ ಹೋದಳು.

ಮೂರನೆಯ ದಿನ ಆಕಾಶ ಮೋಡ ಮುಚ್ಚಿಕೊಂಡು ಕುಳಿತಿತ್ತು. ಐದು ದಿನದಿಂದ ಹಾಗೆಯೇ, ಬಿಸಿಲೂ ಇಲ್ಲ, ಮಳೆಯೂ ಇಲ್ಲ, ಎಲೆ ಅಲುಗುವಷ್ಟು ಗಾಳಿಯೂ ಇಲ್ಲ. ಬಿಸಿಲಿಲ್ಲದಿದ್ದರೆ ಪಾಚಿ ಆಕ್ಸಿಜನ್ ಬಿಡುವುದನ್ನು ನಿಲ್ಲಿಸಿ ತಾನೇ ಹೀರತೊಡಗುತ್ತದೆ. ಮರುದಿನ ಬೆಳಿಗ್ಗೆ ಮೀನು ಹಿಡಿಯಬೇಕು. ಲಾರಿಗಳು ದಂಡೆಗೆ ಬಂದು ನಿಂತಾಗಿತ್ತು. ಮಧ್ಯಾಹ್ನ ಎರಡೂವರೆಗೆ ದಂಡೆಯ ಎರಡನೆಯ ಯಂತ್ರ ಒಮ್ಮೆ ಕೆಮ್ಮಿದ ಹಾಗೆ ಮಾಡಿ ನಿಂತೇ ಹೋಯಿತು.

ಕಂಟ್ರೋಲ್ ರೂಮಿನಲ್ಲಿ ಇದ್ದವರು ಇಬ್ಬರೇ, ಸುಲೋಚನಾ ಮತ್ತು ಎಂಜಿನಿಯರ್ ಅಷ್ಫಾಕ್ ಇನಾಮದಾರ. ಅವಳಿಗಿಂತ ಹದಿನೈದು ವರ್ಷ ಚಿಕ್ಕವನು, ಮೂರು ಜನ ಮಾಡುವ ಕೆಲಸ ಒಬ್ಬನೇ ಮಾಡಿ ಕಣ್ಣ ಕೆಳಗೆ ಕಪ್ಪು ಕಟ್ಟಿಕೊಂಡಿದ್ದ. ದಂಡೆಗೆ ಫೋನ್ ಮಾಡಿ ಕೂಗಾಡಿ ಕುರ್ಚಿಗೆ ಕುಸಿದ. "ಮೂರು ತಾಸು ಬೇಕಂತ ರಿಪೇರಿಗೆ. ಮೂರು ತಾಸು! ಪಾಲಪ್ಪ ಏನಂತಾನ ನೋಡ್ರಿ ಅಕ್ಕಾರ."

ಪಾಲಪ್ಪ ಎಲ್ಲ ಪಂಜರಗಳ ಗಾಳಿ ಕಡಿಮೆ ಮಾಡಿತು. ಪರದೆಯ ಮೇಲಿನ ಅಂಕಿಗಳು ಏರತೊಡಗಿದವು. ಇದು ಸಹಜವೇ, ಗಾಳಿ ಕಡಿಮೆಯಾದರೆ ಯಾವ ಜೀವವಾದರೂ ಬಿರಬಿರನೆ ಉಸಿರಾಡುತ್ತದೆ. ಅರವತ್ತೆಂಟು ಇದ್ದದ್ದು ಎಂಬತ್ತು, ಎಂಬತ್ತು ಇದ್ದದ್ದು ತೊಂಬತ್ತಾಯಿತು. ಮೂವತ್ತೊಂಬತ್ತು ಪಂಜರಗಳಲ್ಲಿ ಹೀಗೆ. ಹನ್ನೆರಡರಲ್ಲಿ ಮಾತ್ರ ಐವತ್ತೊಂದು. ಗಾಳಿ ಸಾಕಷ್ಟಿದ್ದ ತನಕ ಪಾಲಪ್ಪ ಅದಕ್ಕೆ ತಕರಾರು ತೆಗೆದಿರಲಿಲ್ಲ. ಈಗಲೂ ಅದು ಏರಲಿಲ್ಲ.

ಪರದೆ ಕೆಂಪಾಯಿತು. ಪಂಜರ ಹನ್ನೆರಡು, ಉಸಿರು ಕ್ಷೀಣ, ಬದುಕುವ ಸಂಭವವಿಲ್ಲ. ಅದರ ಗಾಳಿ ನಿಲ್ಲಿಸಿ ಉಳಿದ ಪಂಜರಗಳಿಗೆ ಹಂಚಲಾಗುವುದು. ಇಪ್ಪತ್ತು ನಿಮಿಷದೊಳಗೆ ತಡೆಯದಿದ್ದರೆ ಜಾರಿ. ತಡೆಯುವುದಾದರೆ ಕಾರಣ ಬರೆಯಿರಿ.

"ಅಯ್ಯ!" ಎಂದು ಸುಲೋಚನಾ ಎದ್ದು ನಿಂತಳು. "ಸರ, ಅವು ಸಾಯಾಕತ್ತಿಲ್ಲ. ಅವು ಆರಾಮ ಅದಾವ."

"ಎಲ್ಲಾ ಕೇಜು ತೊಂಬತ್ತು ತೋರಸ್ತಾವ, ಅದೊಂದು ಐವತ್ತೊಂದು. ಆರಾಮ ಅಂದ್ರ ಹೆಂಗ ಅಕ್ಕಾರ? ಉಪವಾಸದ ಮೀನು ಅರವತ್ತೆಂಟು ಇರಬೇಕು. ಹನ್ನೊಂದು ವರ್ಷದ ದಾಖಲೆ ಐತಿ. ಅದಕ್ಕಿಂತ ಕೆಳಗ ಇಳದದ್ದು ಬರೇ ಸಾಯೂ ಮೀನು."

ಅರವತ್ತೆಂಟು. ಸುಲೋಚನಾ ಮತ್ತೆ ಕುರ್ಚಿಗೆ ಕುಳಿತಳು.

ಹನ್ನೊಂದು ವರ್ಷ ಪಾಲಪ್ಪ ಉಪವಾಸದ ಮೀನು ಎಂದು ನೋಡಿ ಕಲಿತದ್ದೆಲ್ಲ ಕಡೀ ತುತ್ತು ತಿಂದ ಮೀನನ್ನೇ. ಅರವತ್ತೆಂಟು ಎಂಬುದು ಹಸಿದ ಹೊಟ್ಟೆಯ ಉಸಿರಲ್ಲ, ತೌಡು ತಿಂದ ಹೊಟ್ಟೆಯದು. ನಿಜವಾಗಿ ಮೂರು ದಿನ ಉಪವಾಸವಿದ್ದ ಮೀನನ್ನು ಆ ಯಂತ್ರ ಹುಟ್ಟಿದಾಗಿನಿಂದ ನೋಡಿಯೇ ಇಲ್ಲ. ಇವತ್ತು ಮೊದಲ ಸಲ ನೋಡುತ್ತಿದೆ, ನೋಡಿ ಇದು ಸಾಯುತ್ತಿದೆ ಎನ್ನುತ್ತಿದೆ. ನಲವತ್ತರಲ್ಲಿ ಅತಿ ಕಡಿಮೆ ಗಾಳಿ ಸಾಕಾಗುವ ಪಂಜರ ಯಾವುದೋ ಅದರ ಗಾಳಿಯನ್ನೇ ಕಸಿದು ಉಳಿದವಕ್ಕೆ ಕೊಡಲು ಹೊರಟಿದೆ. ಅದನ್ನು ಹಾಗೆ ಉಪವಾಸ ಇಡಿಸಿದವಳು ಯಾರು? ತಲೆಯ ಮೇಲೆ ಕೈ ಇಡಿಸಿಕೊಂಡು ಆಣೆ ಹಾಕಿಸಿದವಳು ತಾನೇ.

"ಕಾರಣ ಗೊತ್ತಿದ್ರ ಬರೀರಿ," ಎಂದ ಅಷ್ಫಾಕ್. "ಬರದ್ರ ನಾ ಈಗಿಂದೀಗ ತಡೀತೀನಿ. ಬಾಯಿ ಮಾತಿನ ಮ್ಯಾಲ ತಡದ್ರ ನಾಳೆ ನನ್ನ ಕೇಳ್ತಾರ."

ಬರೆಯುವುದೇನು ದೊಡ್ಡ ಮಾತು? ಒಂದೇ ಸಾಲು: ಹನ್ನೆರಡು ಮಾತ್ರ ಉಪವಾಸ ಇದೆ, ಉಳಿದ ಮೂವತ್ತೊಂಬತ್ತು ಉಂಡಿವೆ. ಆ ಸಾಲು ಬರೆದ ಕ್ಷಣಕ್ಕೆ ಮೂವತ್ತೊಂಬತ್ತು ಮನೆಯ ಕಾರ್ಡು ಹೋಗುತ್ತದೆ. ಅವು ಎಲ್ಲಿಯದೋ ಮನೆಗಳಲ್ಲ, ಅವಳ ಓಣಿಯವೇ. ಅತ್ತೆ ಜಡ್ಡು ಬಿದ್ದಾಗ ಬಂದು ನೀರು ಕಾಯಿಸಿ ಹಾಕಿದವರು, ಮಾವ ತೀರಿಕೊಂಡಾಗ ಹೊತ್ತುಕೊಂಡು ಹೋದವರು. ಬರೆಯದಿದ್ದರೆ ಎಂಟು ಸಾವಿರ ಮೀನು ಸಾಯುತ್ತವೆ. ಹನ್ನೆರಡನೆಯ ಪಂಜರದ್ದು ಹುನಗುಂದ ತಾಲ್ಲೂಕಿನ ಶಾಲೆಗಳ ಪಾಲು. ಅಲ್ಲಿಯ ಮಕ್ಕಳಿಗೆ ಮುಂದಿನ ವಾರವೆಲ್ಲ ಬರೀ ಜೋಳದ ಅಂಬಲಿ.

ಅವಳು ಕೀಲಿಮಣೆಯ ಮೇಲೆ ಕೈಯಿಟ್ಟಳು, ತೆಗೆದಳು. ಮತ್ತೆ ಇಟ್ಟಳು. ಹದಿನಾಲ್ಕು ನಿಮಿಷ ಉಳಿದಿತ್ತು.

ಅಷ್ಫಾಕ್ ಅವಳ ಮುಖವನ್ನೇ ನೋಡುತ್ತಿದ್ದ. ಮೂರು ವರ್ಷದಿಂದ ಇದೇ ದಂಡೆಯಲ್ಲಿ ಇದ್ದವನು, ಪಂಜರದವರ ಮದುವೆ ಮುಂಜಿವೆಗೆ ಹೋಗಿ ಉಂಡವನು. ತೌಡಿನ ಚೀಲದ ಸುದ್ದಿ ಅವನ ಕಿವಿಗೂ ಬಿದ್ದಿತ್ತೋ ಏನೋ. ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡ.

"ನಾ ಚಹಾ ಹೇಳಿ ಬರ್ತೀನ್ರಿ ಅಕ್ಕಾರ. ಹತ್ತು ನಿಮಿಷ ಆಗಬಹುದು," ಎಂದು ಬಾಗಿಲು ಎಳೆದುಕೊಂಡು ಹೋದ.

ಸುಲೋಚನಾ ಸೀರೆಯ ಸೆರಗಿನಲ್ಲಿ ಕಟ್ಟಿದ್ದ ಸ್ವಂತ ಮೊಬೈಲ್ ತೆಗೆದಳು.

"ಏನ್ರೀ, ಕೇಳಸ್ತೈತಿ? ಮೀನಿಗೆ ಏನರ ಹಾಕ್ರಿ. ಈಗಿಂದೀಗ ಹಾಕ್ರಿ."

ಆ ಕಡೆ ಪರಸಪ್ಪನಿಗೆ ಅರ್ಥವಾಗಲಿಲ್ಲ. "ಏನ ಹಾಕ್ಲಿ? ಆಹಾರದ ಕೋಣಿಗೆ ಕೀಲಿ ಜಡದಾರ. ಅಲ್ಲ, ನೀನ ಹಾಕಬ್ಯಾಡಂದಿ—"

"ಈಗ ನಾನೇ ಹಾಕ್ರಿ ಅನ್ನಾಕತ್ತೇನಲ್ರೀ! ಹನ್ನೆರಡರ ಗಾಳಿ ಬಂದ್ ಮಾಡ್ತೈತಿ ಈ ಮಿಷನ್ನು. ಸಾಯಾಕತ್ತಾವ ಅಂತ ತಿಳಕೊಂಡೈತಿ. ಅವು ಸ್ವಲ್ಪ ಎಗರ್ಯಾಡಿ, ಮುಕುರಿ, ಉಸರ ಏರಿಸಿದ್ರ ಬಿಡತೈತಿ."

"ಕ್ಯಾಮರಾ ಐತಲ್ಲ ಮ್ಯಾಲ?"

ಅವಳು ಪರದೆಯ ಮೇಲೆ ಉಳಿದ ನಿಮಿಷ ನೋಡಿದಳು. ದೋಣಿ ತಂದು, ಮರೆಯಿಂದ ಹೋಗಿ, ಚೀಲ ಕಟ್ಟಿ ಬರುವಷ್ಟು ಹೊತ್ತಿಲ್ಲ. ಏನಾದರೂ ಕಟ್ಟೆಯ ಮೇಲೆ ನಿಂತು, ಎಲ್ಲರಿಗೂ ಕಾಣುವಂತೆ ಹಾಕಬೇಕು.

"ಎಂಟು ಸಾವಿರ ಜೀವ ಅದಾವ ಅಲ್ಲಿ," ಎಂದಳು ಕೊನೆಗೆ. "ನನಗ ಬ್ಯಾರೆ ದಾರಿ ತೋಚವಲ್ದು. ನನ್ನ ಬೈಬ್ಯಾಡ್ರಿ."

"ಬೈಯೂದೇನೈತಿ ಇದರಾಗ," ಎಂದ ಪರಸಪ್ಪ. "ನನಗೂ ಅವಕ್ಕ ಹಾಕೂದ ಬೇಕಾಗಿತ್ತು."

ಪರದೆಯ ಮೂಲೆಯಲ್ಲಿ ಹನ್ನೆರಡರ ಕ್ಯಾಮರಾ ಚಿತ್ರ ಇತ್ತು. ಪರಸಪ್ಪ ಗುಡಿಸಲಿನೊಳಗೆ ಹೋಗಿ ಬಟ್ಟೆಯ ಗಂಟೊಂದನ್ನು ತಂದ. ಮೂರು ದಿನ ತಾನು ತಿನ್ನದೆ ಇಟ್ಟ ರೊಟ್ಟಿ, ಜೊತೆಗೆ ಗುಡಿಸಲಿನಲ್ಲಿ ಯಾವಾಗಲೂ ಇರುತ್ತಿದ್ದ ಎರಡು ಡಜನ್ ಒಣಗಿದ ಕಟಕ ರೊಟ್ಟಿ. ಕಟ್ಟೆಯ ಮೇಲೆ ಕುಕ್ಕುರುಗಾಲಿನಲ್ಲಿ ಕುಳಿತು, ಅವಸರವಿಲ್ಲದೆ, ಒಂದೊಂದೇ ರೊಟ್ಟಿಯನ್ನು ಅಂಗೈಯಲ್ಲಿ ಮುರಿದು ಪುಡಿ ಮಾಡಿ ನೀರಿಗೆ ಬಿಟ್ಟ. ಎರಡನೆಯ ಹಿಡಿಗೆ ನೀರು ಕುದಿಯತೊಡಗಿತು. ತಳದಲ್ಲಿ ಸುಮ್ಮನಿದ್ದ ಮೀನೆಲ್ಲ ಮೇಲಕ್ಕೆ ನುಗ್ಗಿ, ಒಂದರ ಮೇಲೊಂದು ಬಿದ್ದು, ಬಾಲ ಬಡಿದು, ಅವನ ಮೊಳಕಾಲಿನ ತನಕ ನೀರು ಎರಚಿದವು. ಅವನು ಏನೋ ಮಾತಾಡುತ್ತಿದ್ದ. ಚಿತ್ರದಲ್ಲಿ ಸದ್ದು ಕೇಳುತ್ತಿರಲಿಲ್ಲ.

ಐವತ್ತೊಂದು ಐವತ್ತೊಂಬತ್ತಾಯಿತು. ಅರವತ್ತಾರು. ಎಪ್ಪತ್ತೊಂಬತ್ತು. ಎಂಬತ್ತೆಂಟು.

ಕೆಂಪು ಹೋಯಿತು. ಪಂಜರ ಹನ್ನೆರಡು, ಚೇತರಿಕೆ, ಗಾಳಿ ಮುಂದುವರಿಸಲಾಗುವುದು ಎಂದಿತು ಪಾಲಪ್ಪ. ಮರುಕ್ಷಣಕ್ಕೇ ಇನ್ನೊಂದು ಮೂಲೆಯಲ್ಲಿ ಹಳದಿ ಪಟ್ಟಿ ಮಿನುಗಿತು. ಪಂಜರ ಹನ್ನೆರಡು, ಉಪವಾಸ ಭಂಗ, ಚಿತ್ರ ದಾಖಲಾಗಿದೆ.

ಅಷ್ಫಾಕ್ ಎರಡು ಕಪ್ ಚಹಾ ಹಿಡಿದು ಬಂದ. ಪರದೆ ನೋಡಿದ, ಅವಳನ್ನು ನೋಡಿದ. "ಕುಡೀರಿ ಅಕ್ಕಾರ, ಆರತೈತಿ," ಎಂದಷ್ಟೇ ಹೇಳಿದ. ಐದೂವರೆಗೆ ಯಂತ್ರ ಮತ್ತೆ ಶುರುವಾಯಿತು. ಅಷ್ಟರಲ್ಲಿ ಪ್ರತಿ ಪಂಜರದಲ್ಲೂ ನೂರಿನ್ನೂರು ಮೀನು ಸತ್ತು ತೇಲಿದ್ದವು. ಒಂದು ಪಂಜರವೂ ಪೂರ್ತಿ ಹೋಗಲಿಲ್ಲ.

ಮರುದಿನ ಮೀನು ಹಿಡಿದರು. ಅದರ ಮರುದಿನ ವಿಚಾರಣೆ ಇಟ್ಟರು. ಮೇಲಿನಿಂದ ಬಂದ ಅಧಿಕಾರಿ ನಲವತ್ತೂ ಮಂದಿಯನ್ನು ಶೆಡ್ಡಿನಲ್ಲಿ ಕೂರಿಸಿ, ಗೋಡೆಯ ಮೇಲೆ ಆ ಚಿತ್ರ ತೋರಿಸಿದರು.

"ಇದು ನೀನೇ ಏನಪ್ಪ?"

"ನಾನೇ ರೀ."

"ಯಾಕೆ ಹಾಕಿದೆ?"

"ಹಸದಿದ್ದೂ ರೀ," ಎಂದ ಪರಸಪ್ಪ.

ಅಧಿಕಾರಿ ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡರು. ಹನ್ನೊಂದು ವರ್ಷದ ದಾಖಲೆ ತೆಗೆಸಿ ನೋಡಿದ್ದೇನೆ, ಒಬ್ಬರೂ ನಿಯಮ ಮುರಿದಿಲ್ಲ, ಈ ಕೇಂದ್ರಕ್ಕೆ ಕಳಂಕ ತಂದವನು ನೀನೊಬ್ಬನೇ ಎಂದು ಭಾಷಣದಂತೆ ಹೇಳಿದರು. ಹಿಂದೆ ಕುಳಿತ ಮೂವತ್ತೊಂಬತ್ತು ಮಂದಿ ನೆಲ ನೋಡುತ್ತಿದ್ದರು. ಇಪ್ಪತ್ತನೆಯ ಪಂಜರದ ಮುದುಕನೊಬ್ಬ ಕಣ್ಣೊರೆಸಿಕೊಂಡು ಏನೋ ಹೇಳಲು ಎದ್ದೇಬಿಟ್ಟ. ಪರಸಪ್ಪ ತಿರುಗಿ, ಕೂಡ್ರು ಕಾಕಾ ಎಂದು ಕಣ್ಣಲ್ಲೇ ಹೇಳಿ ಅವನನ್ನು ಕೂರಿಸಿದ. ಪರಸಪ್ಪನ ಕೆಲಸ, ಕಾರ್ಡು ಎರಡೂ ರದ್ದು ಎಂದು ಬರೆದ ಕಾಗದದ ಕೊನೆಯಲ್ಲಿ ಕಂಟ್ರೋಲ್ ರೂಮಿನವರ ಸಹಿ ಬೇಕಿತ್ತು. ಸುಲೋಚನಾ ಸಹಿ ಮಾಡಿದಳು.

ಎಲ್ಲ ಮುಗಿಯಿತು ಎಂದುಕೊಂಡಿದ್ದಳು. ಮುಗಿದಿರಲಿಲ್ಲ. ತಿಂಗಳ ಕೊನೆಯ ದಿನ ಮಧ್ಯಾಹ್ನ ಅಷ್ಫಾಕ್ ಅವಳ ಪರದೆಯ ಮೇಲೆ ಒಂದು ಪ್ರಶ್ನೆ ತಂದು ನಿಲ್ಲಿಸಿದ. ಪಾಲಪ್ಪನಿಗೆ ಅರ್ಥವಾಗದೆ ಉಳಿದ ದಾಖಲೆಗಳಿಗೆ ಮನುಷ್ಯರು ಹೆಸರು ಕೊಡಬೇಕಿತ್ತು. ಕೊಟ್ಟ ಹೆಸರನ್ನು ನೋಡಿ ಅದು ಮುಂದಕ್ಕೆ ಕಲಿಯುತ್ತಿತ್ತು. ಪಂಜರ ಹನ್ನೆರಡು, ಮೂರು ದಿನ, ನಿಮಿಷಕ್ಕೆ ಐವತ್ತೊಂದು ಉಸಿರು. ಇದು ಏನು? ಕೆಳಗೆ ಎರಡು ಚೌಕ: ಉಪವಾಸ, ರೋಗ.

"ಉಪವಾಸ ಅಂತ ಒತ್ತಿದ್ರ?" ಎಂದು ಕೇಳಿದಳು.

"ಒತ್ತಿದ್ರ ಪಾಲಪ್ಪ ಅದನ್ನ ಹಿಡಕೊಂಡು ಹನ್ನೊಂದು ವರ್ಷದ್ದು ಎಲ್ಲಾ ಮತ್ತ ತೂಗಿ ನೋಡತಾನ. ಉಳದವು ಯಾವೂ ಉಪವಾಸ ಇರಲಿಲ್ಲಂತ ಅರ್ಧ ತಾಸಿನ್ಯಾಗ ಅವಂಗ ತಿಳೀತೈತಿ." ಅಷ್ಫಾಕ್ ಹಣೆ ಒತ್ತಿಕೊಂಡ. "ಆದ್ರ ನಿಯಮ ಪಾಲಿಸಿದವರು ನಿಮ್ಮ ಮನಿಯವರೊಬ್ಬರ ಅಂತನೂ ತಿಳೀತೈತಿ. ನೀವ ನೋಡ್ರಿ ಅಕ್ಕಾರ. ನಾ ಏನ ಹೇಳ್ಲಿ."

"ರೋಗ ಅಂತ ಒತ್ತಿದ್ರ?"

"ಎಲ್ಲಾ ಇದ್ದಂಗ ಇರತೈತಿ."

ಗಂಡನ ಹೆಸರು ಸುಲೋಚನಾಳ ನಾಲಿಗೆಯ ತುದಿಗೆ ಬಂದಿತು. ಮೂವತ್ತೊಂಬತ್ತು ಹೆಸರೂ ಬಂದವು. ಕೊನೆಗೆ ರೋಗ ಎಂಬ ಚೌಕ ಒತ್ತಿದಳು. ಪಾಲಪ್ಪ ಧನ್ಯವಾದ ಹೇಳಿ ಮುಂದಿನ ದಾಖಲೆ ತೆಗೆಯಿತು.

ಸಂಜೆ ಮನೆಗೆ ಬಂದಾಗ ಪರಸಪ್ಪ ಹೊಸ್ತಿಲಲ್ಲಿ ಕುಳಿತು ಯಾರದೋ ಬಲೆ ಹೊಲಿಯುತ್ತಿದ್ದ. ಕಾರ್ಡಿಲ್ಲದ ಮನೆಯಲ್ಲಿ ಆ ಹೊತ್ತು ಅಂಬಲಿ ಮಾತ್ರ ಇತ್ತು. ಅವಳು ಮೂರು ಬಟ್ಟಲಿಗೆ ಬಗ್ಗಿಸಿ, ಅತ್ತೆಯದಕ್ಕೆ ಒಂದು ಸೌಟು ಹೆಚ್ಚಿಗೆ ಹಾಕಿ, ಗಂಡನ ಪಕ್ಕ ಬಂದು ಕುಳಿತಳು. ನಡೆದದ್ದನ್ನು ಹೇಳಿದಳು. ಏನೆಂದು ಒತ್ತಿದೆ ಎಂದು ಅವನು ಕೇಳಿದ.

"ರೋಗ ಅಂತ."

ಪರಸಪ್ಪನ ಸೂಜಿ ನಿಂತಿತು. "ಅವಕ್ಕೇನೂ ಆಗಿರಲಿಲ್ಲಲ್ಲ. ಬರೇ ಹಸದಿದ್ದೂ." ಸ್ವಲ್ಪ ತಡೆದು ಕೇಳಿದ, "ಹಸದದ್ದಕ್ಕ ರೋಗ ಅಂತಾರೇನ?"

"ಇನ್ನ ಮುಂದ ಅಂತಾರ," ಎಂದಳು ಸುಲೋಚನಾ. "ನಾನೇ ಕಲಿಸಿ ಬಂದೆ."

ಅವನು ತನ್ನ ಬಟ್ಟಲಿನಿಂದ ಒಂದಿಷ್ಟು ಅಂಬಲಿಯನ್ನು ಅವಳ ಬಟ್ಟಲಿಗೆ ಬಗ್ಗಿಸಿ, ಉಣ್ಣು ಎಂದ.